ಕಾರ್ಡ್‌ಲೆಸ್ ಮೈಕಿನೊಳಗಿನ ಒಂದು ಗೇಣು ವಾಯರ್

ಕಾರ್ಡ್‌ಲೆಸ್ ಮೈಕ್ ಅಂದರೆ ವಾಯರ್ ಇಲ್ಲದ ಮೈಕ್ ಅಂತಲೇ ನಾವೆಲ್ಲ ತಿಳಿದಿರುತ್ತೇವೆ. ಅದರ ಹಿಡಿಕೆಯ ತಳ ತಿರುಗಿಸಿ ಬಿಚ್ಚಿದರೆ ಒಳಗೆ ಎರಡು ವಾಯರ್ ಕಾಣುತ್ತವೆ, ಒಂದು ಕೆಂಪು, ಇನ್ನೊಂದು ಕಪ್ಪು. ಪೆನ್ಸಿಲ್ ಸೆಲ್ ಕೂರುವ ಗೂಡಿನ ಎರಡು ತುದಿಗಳಿಂದ ಹೊರಟು ಅವು ಸರ್ಕ್ಯೂಟ್ ಬೋರ್ಡ್ ಸೇರುತ್ತವೆ. ಎರಡನ್ನೂ ಕೂಡಿಸಿ ಅಳೆದರೆ ಹೆಚ್ಚೆಂದರೆ ಒಂದು ಗೇಣು. ಈ ಒಂದು ಗೇಣು ವಾಯರ್ ಕೆಟ್ಟಿದ್ದಕ್ಕೇ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಶಾಲೆ, ಪಂಚಾಯತಿ, ಯುವಕ ಮಂಡಳಗಳ ಬೀರುಗಳಲ್ಲಿ ಒಳ್ಳೊಳ್ಳೆಯ ಮೈಕ್‌ಗಳು ಮಲಗಿವೆ. ನಂಬಿಕೆ ಇಲ್ಲದಿದ್ದರೆ ನಿಮ್ಮೂರಿನ ಶಾಲೆಯ ಬೀರು ಒಮ್ಮೆ ತೆಗೆಸಿ ನೋಡಿ.

ನನ್ನ ವಾದ ಇಷ್ಟೇ. ಈ ವಾಯರ್ ನಮ್ಮ ತಾಲ್ಲೂಕಿನ ಪೇಟೆಯಲ್ಲೇ ಸಿಗಬೇಕು, ಅದನ್ನು ಹಾಕಿಕೊಡುವವರಿಗೆ ಕೂಲಿ ಸಿಗಬೇಕು, ಆ ಕೂಲಿಯನ್ನು ಪಂಚಾಯತಿ ಮತ್ತು ಶಾಲೆಗಳು ತಮ್ಮ ಲೆಕ್ಕದಲ್ಲಿ ಮುಜುಗರವಿಲ್ಲದೆ ಬರೆಯುವಂತಿರಬೇಕು. ಐದು ರೂಪಾಯಿಯ ವಾಯರಿಗೆ ಇಷ್ಟುದ್ದ ಲೇಖನವೇ ಎಂದು ನಗುವವರು, ಮೈಕ್ ಕೆಟ್ಟ ಮೇಲೆ ನಡೆಯುವ ಒಂದು ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೈಕ್ ಯಾಕೆ ಕೆಡುತ್ತದೆ ಅನ್ನುವುದನ್ನು ನೋಡೋಣ.

ನಮ್ಮ ಕಡೆ ಸರ್ಕಾರಿ ಶಾಲೆಯ ಮೈಕಿನ ವರ್ಷ ಹೀಗಿರುತ್ತದೆ. ಆಗಸ್ಟ್ 15ಕ್ಕೆ ಅದು ಹೊರಗೆ ಬರುತ್ತದೆ. ಶಿಕ್ಷಕರ ದಿನಾಚರಣೆಗೆ ಇನ್ನೊಮ್ಮೆ, ಪ್ರತಿಭಾ ಕಾರಂಜಿ ತಮ್ಮಲ್ಲೇ ನಡೆದರೆ ಮತ್ತೊಮ್ಮೆ, ಆಮೇಲೆ ನವೆಂಬರ್ 1, ಜನವರಿ 26, ಸ್ನೇಹ ಸಮ್ಮೇಳನ. ಅದಾದ ಮೇಲೆ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಹಾಕಿದರೆ ಮತ್ತೆ ಬೆಳಕು ಕಾಣುವುದು ಮುಂದಿನ ಆಗಸ್ಟಿನಲ್ಲಿ. ಒಳಗಿನ ಸೆಲ್ ತೆಗೆದಿಡುವುದು ಯಾರಿಗೂ ನೆನಪಿರುವುದಿಲ್ಲ. ನೆನಪಿದ್ದರೂ ‘ಇನ್ನೂ ಸ್ವಲ್ಪ ಪವರ್ ಐತಿ, ಇರಲಿ’ ಎಂಬ ಆಸೆ. ನಡುವೆ ಬರುವುದು ಇಡೀ ಮಳೆಗಾಲ. ಜೋಯಿಡಾದ ಮಳೆ ಗೊತ್ತಿದ್ದವರಿಗೆ ಅಲ್ಲಿನ ಬೀರುವಿನೊಳಗೆ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ ಎಂದು ಹೇಳಬೇಕಾಗಿಲ್ಲ. ಹಳಿಯಾಳ, ಮುಂಡಗೋಡದ ಅರೆಮಲೆನಾಡಿನಲ್ಲಿ ಮಳೆ ಅಷ್ಟಿಲ್ಲ, ಆದರೆ ಥಂಡಿ ಕಡಿಮೆಯೇನಲ್ಲ.

ಅಲ್ಕಲೈನ್ ಸೆಲ್ಲಿನ ಒಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಶಕ್ತಿ ಮುಗಿದ ಸೆಲ್ ತಿಂಗಳುಗಟ್ಟಲೆ ಹಾಗೇ ಕೂತರೆ ಒಳಗೆ ಅನಿಲ ಹುಟ್ಟಿ, ಒತ್ತಡ ಹೆಚ್ಚಿ, ಸೀಲು ಬಿಟ್ಟು ಸೋರುತ್ತದೆ. ಹೊರಬಂದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಹಿಟ್ಟಿನ ಹಾಗೆ ಕಾಣುತ್ತದೆ. ಕಡಿಮೆ ಬೆಲೆಯ ಸತು-ಇಂಗಾಲದ ಸೆಲ್ ಇದ್ದರೆ ಕತೆ ಬೇರೆ. ಅದರ ಡಬ್ಬಿಯೇ ಸತುವಿನದು. ಸೆಲ್ ಕೆಲಸ ಮಾಡಿದ ಹಾಗೆ ಆ ಡಬ್ಬಿಯೇ ಸವೆದು ತೆಳುವಾಗಿ ಕೊನೆಗೆ ತೂತು ಬೀಳುತ್ತದೆ, ಸೋರುವ ದ್ರವ ಆಮ್ಲದ ಕಡೆಗಿರುತ್ತದೆ. ಎರಡರಲ್ಲಿ ಯಾವುದೇ ಸೋರಲಿ, ಮೊದಲು ಹಾಳಾಗುವುದು ಸೆಲ್ ಒತ್ತಿ ಹಿಡಿಯುವ ಸ್ಪ್ರಿಂಗು. ಅದರ ಮೇಲಿನ ನಿಕಲ್ ಲೇಪ ಎದ್ದು ತುಕ್ಕು ಹಿಡಿಯುತ್ತದೆ. ಆಮೇಲೆ ಸ್ಪ್ರಿಂಗಿಗೆ ಬೆಸೆದ ವಾಯರಿಗೆ ಹಸಿರು ಕಿಲುಬು.

ಕಿಲುಬು ಕಣ್ಣಿಗೆ ಕಾಣುತ್ತದೆ, ಉಜ್ಜಿ ತೆಗೆಯಬಹುದು. ಕಾಣದೆ ನಡೆಯುವ ಇನ್ನೊಂದು ಹಾಳಿದೆ. ನೆಗೆಟಿವ್ ಕಡೆಯ ವಾಯರಿನ ಪ್ಲಾಸ್ಟಿಕ್ ಹೊದಿಕೆಯ ಒಳಗೊಳಗೇ ಕ್ಷಾರ ತೆವಳಿಕೊಂಡು ಹೋಗುತ್ತದೆ. ಹೊರಗಿನಿಂದ ನೋಡಿದರೆ ವಾಯರ್ ಹೊಸದರಂತೆಯೇ ಇರುತ್ತದೆ. ಹೊದಿಕೆ ಸುಲಿದರೆ ಒಳಗಿನ ತಾಮ್ರದ ಎಳೆ ಇದ್ದಿಲಿನ ಹಾಗೆ ಕಪ್ಪು. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಮುತ್ತಿನಂತೆ ಉರುಳಿ ಬೀಳುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋದರೆ ಎಷ್ಟೋ ಸಲ ವಾಯರೇ ಮುಗಿದು ಹೋಗುತ್ತದೆ. ಹಾಗಾಗಿ ಬರೀ ತುದಿ ಬೆಸೆದರೆ ಸಾಕಾಗುವುದಿಲ್ಲ, ಇಡೀ ವಾಯರ್ ಬದಲಿಸಬೇಕು.

ಇಲ್ಲಿ ಒಂದು ಲೆಕ್ಕ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡು ಪೆನ್ಸಿಲ್ ಸೆಲ್ಲಿನ ಮೈಕಿಗೆ 3 ವೋಲ್ಟ್ ಸಿಗುತ್ತದೆ, ಅದು ಸಾಧಾರಣವಾಗಿ 100ರಿಂದ 200 ಮಿಲಿಆ್ಯಂಪ್ ಎಳೆಯುತ್ತದೆ. 150 ಅಂದುಕೊಳ್ಳಿ. ಕಿಲುಬು ಹಿಡಿದ ಜಾಗದಲ್ಲಿ 3 ಓಮ್ ತಡೆ ಹುಟ್ಟಿತು ಅಂದರೆ ಅಲ್ಲೇ 0.45 ವೋಲ್ಟ್ ಸೋರಿಹೋಯಿತು. ಅಂಗಡಿಯಿಂದ ಈಗಷ್ಟೇ ತಂದ ಸೆಲ್ ಹಾಕಿದರೂ ಮೈಕ್ ಕೆಂಪು ದೀಪ ತೋರಿಸುತ್ತದೆ, ಭಾಷಣದ ನಡುವೆ ಗರಗರ ಅಂದು ಸುಮ್ಮನಾಗುತ್ತದೆ. ನಾವು ‘ಡುಪ್ಲಿಕೇಟ್ ಸೆಲ್’ ಎಂದು ಅಂಗಡಿಯವರನ್ನು ಬೈದು, ಒಳ್ಳೆಯ ಸೆಲ್ಲನ್ನು ಕಸಕ್ಕೆ ಎಸೆಯುತ್ತೇವೆ.

ಈಗ ಹುಡುಕಾಟದ ಮಾತು. ತಾಲ್ಲೂಕು ಕೇಂದ್ರದ ಯಾವುದೇ ಇಲೆಕ್ಟ್ರಿಕ್ ಅಂಗಡಿಗೆ ಹೋದರೂ ಮಾತುಕತೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

‘ಸಣ್ಣ ವಾಯರ್ ಐತೇನ್ರಿ?’

‘ಎಷ್ಟ್ ಸಣ್ಣದ್ರಿ? ಒಂದ್ ಎಂಎಂ ಐತಿ ನೋಡ್ರಿ. ಅದಕಿಂತ ಸಣ್ಣದು ಬರಂಗಿಲ್ಲ.’

‘ಅದಲ್ರೀ, ಮೈಕಿನ ಒಳಗ ಹಾಕೂದು.’

‘ಮೈಕಿಂದಾ? ಅದಕ್ಕ ಹುಬ್ಬಳ್ಳಿಗೇ ಹೋಗ್ಬೇಕ್ರಿ ನೀವು.’

ಅಂಗಡಿಯವರ ತಪ್ಪೇನಿಲ್ಲ. ಅವರು ಇಡುವುದು ಮನೆ ವಾಯರಿಂಗಿನ ಸರಕು. ಅವರು ‘ಒಂದು ಎಂಎಂ’ ಅನ್ನುವುದು ಒಂದು ಚದರ ಮಿಲಿಮೀಟರಿನ ವಾಯರಿಗೆ. ಹೊದಿಕೆ ಸೇರಿ ಅದು ಎರಡೂವರೆ ಮಿಲಿಮೀಟರಿಗಿಂತ ದಪ್ಪ ಬರುತ್ತದೆ, ಗಡಸು ಬೇರೆ. ಅದನ್ನು ಮೈಕಿನೊಳಗೆ ತುರುಕಿದರೆ ಸೆಲ್ ಗೂಡಿನ ಮುಚ್ಚಳ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಬೋರ್ಡಿನ ಮೇಲಿನ ಬೆಸುಗೆ ಕೀಳುತ್ತದೆ.

ಮೈಕಿಗೆ ಬೇಕಾದದ್ದು ತೆಳ್ಳಗಿನ, ಬಳುಕುವ, ಹಲವು ಎಳೆಗಳ ತಾಮ್ರದ ವಾಯರ್. ನಮ್ಮ ರೇಡಿಯೊ ರಿಪೇರಿಯ ಕಾಲದಲ್ಲಿ ಇದಕ್ಕೆ ಹುಕ್-ಅಪ್ ವಾಯರ್ ಎಂಬ ಹೆಸರಿತ್ತು, ಈಗಲೂ ಇದೆ. ಹುಬ್ಬಳ್ಳಿಯಲ್ಲಿ ಕೇಳಿದರೆ ‘ಏಳು ಮೂವತ್ತಾರಾ, ಹದಿನಾಲ್ಕು ಮೂವತ್ತಾರಾ?’ ಅನ್ನುತ್ತಾರೆ. ಮೊದಲನೆಯ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ಗೇಜು. 36 ಗೇಜಿನ ಎಳೆ ಅಂದರೆ ಸುಮಾರು 0.19 ಮಿ.ಮೀ. ದಪ್ಪ. ಅದೇ ವಾಯರನ್ನು ಆನ್‌ಲೈನ್‌ನಲ್ಲಿ ಹುಡುಕಿದರೆ ಅಲ್ಲಿ ಎಡಬ್ಲ್ಯೂಜಿ ಎಂಬ ಅಮೆರಿಕದ ಲೆಕ್ಕ: 7/36 ಅಂದರೆ ಸುಮಾರು 24 ಎಡಬ್ಲ್ಯೂಜಿ, 7/38 ಅಂದರೆ ಸುಮಾರು 26. ಅಲ್ಲಿ ಅಂಕಿ ಹೆಚ್ಚಾದಷ್ಟೂ ವಾಯರ್ ಸಣ್ಣದಾಗುತ್ತದೆ, ಮನೆ ವಾಯರಿಂಗಿನಲ್ಲಿ ಅಂಕಿ ಹೆಚ್ಚಾದಷ್ಟೂ ದಪ್ಪ. ಹೀಗೆ ಒಂದೇ ವಾಯರಿಗೆ ಮೂರು ಭಾಷೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲ ಮಾತಾಡುವ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರ ಬಾಯಲ್ಲೂ ಅದು ‘ವಾಯರ್’ ಅಷ್ಟೇ. ಆದರೆ ಗೇಜು ಗೊತ್ತಿಲ್ಲದವನಿಗೆ ಆ ಒಂದು ಶಬ್ದದಿಂದ ಏನೂ ಸಿಗುವುದಿಲ್ಲ.

‘ದಪ್ಪ ಇದ್ದರೆ ಗಟ್ಟಿ’ ಎಂಬ ನಂಬಿಕೆಯೂ ಇಲ್ಲಿ ಸುಳ್ಳು. ಒಂದು ಗೇಣು 7/36 ವಾಯರಿನಲ್ಲಿ 150 ಮಿಲಿಆ್ಯಂಪ್ ಹರಿದರೆ ಕಳೆದುಹೋಗುವುದು 3 ಮಿಲಿವೋಲ್ಟ್ ಕೂಡ ಅಲ್ಲ. ಕಿಲುಬು ನುಂಗುವ 450 ಮಿಲಿವೋಲ್ಟಿನ ಎದುರು ಅದು ಲೆಕ್ಕಕ್ಕೇ ಇಲ್ಲ. ಮೈಕಿಗೆ ಬೇಕಾದದ್ದು ಬಳುಕುವ ಗುಣ ಮತ್ತು ತೆಳುವಾದ ಹೊದಿಕೆ. ಸಿಲಿಕೋನ್ ಹೊದಿಕೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಸೋಲ್ಡರಿನ ಬಿಸಿಗೆ ಅದು ಸುಟ್ಟು ಹಿಂದೆ ಸರಿಯುವುದಿಲ್ಲ.

ಹುಬ್ಬಳ್ಳಿಗೆ ಹೋಗಿ ಅನ್ನುವುದು ಬಾಯಿಮಾತಿಗೆ ಸುಲಭ. ಮುಂಡಗೋಡದಿಂದ ಸುಮಾರು 50 ಕಿಲೋಮೀಟರ್, ದಾಂಡೇಲಿಯಿಂದ ಸುಮಾರು 75, ಜೋಯಿಡಾದಿಂದ 100ರ ಹತ್ತಿರ. ಹಳಿಯಾಳದವರಿಗೆ ಧಾರವಾಡ ಹತ್ತಿರ, ಆದರೆ ಅಲ್ಲಿ ಸಿಗದಿದ್ದರೆ ಮತ್ತೆ ಹುಬ್ಬಳ್ಳಿಯೇ. ಕೊಪ್ಪಿಕರ್ ರಸ್ತೆಯ ಆಸುಪಾಸು ಅಲೆದು ಇಪ್ಪತ್ತು ರೂಪಾಯಿಯ ವಾಯರ್ ತರಲು ಒಂದು ದಿನದ ದುಡಿಮೆ ಹೋಗುತ್ತದೆ. ದಾಂಡೇಲಿಯ ಕಡೆಯ ರಿಪೇರಿಯವರೊಬ್ಬರು ತಾವು ಹೋಗುವುದನ್ನೇ ಬಿಟ್ಟಿದ್ದಾರೆ. ‘ನಮ್ಮ ಮನಿಯಾಕಿ ಹೋಗಿ ತರ್ತಾಳ್ರಿ, ಅಕಿಗೆ ಬಸ್ ಫ್ರೀ ಐತಲ್ಲ’ ಅಂದರು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಲಾಭಗಳ ಪಟ್ಟಿಯಲ್ಲಿ ಹುಕ್-ಅಪ್ ವಾಯರನ್ನು ಯಾರೂ ಸೇರಿಸಿರಲಿಕ್ಕಿಲ್ಲ.

ಊರಲ್ಲೇ ಸಿಗುವುದರಲ್ಲಿ ಯಾವುದು ನಡೆಯುತ್ತದೆ? ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನಾಳೆ ನಿಮ್ಮೂರಿನ ಶಾಲೆಯ ಮೈಕ್ ಕೆಟ್ಟರೆ ಕೆಲಸಕ್ಕೆ ಬರಬಹುದು. ಎಲ್ಲರ ಕೈ ಮೊದಲು ಹೋಗುವುದು ಹಳೆಯ ಟೆಲಿಫೋನ್ ವಾಯರಿಗೆ. ತಾಮ್ರ ಒಳ್ಳೆಯದೇ, ಆದರೆ ಒಂದೇ ಗಟ್ಟಿ ಎಳೆ. ಮೈಕ್ ಕೈಯಿಂದ ಕೈಗೆ ಹೋಗುವಾಗ, ನೆಲಕ್ಕೆ ಬಿದ್ದಾಗ, ಸೆಲ್ ಹಾಕಿ ತೆಗೆಯುವಾಗ ಬೆಸುಗೆಯ ಬುಡದಲ್ಲಿ ಕಡಿಯುತ್ತದೆ. ಲ್ಯಾನ್ ಕೇಬಲ್ಲಿನದೂ ಇದೇ ಹಣೆಬರಹ, ಸುರುಳಿಯಲ್ಲಿ ಬರುವುದು ಒಂಟಿ ಎಳೆಯದು. ಎರಡೂ ತುದಿಗೆ ಪಿನ್ ಕೂರಿಸಿ ಮಾರುವ ಪ್ಯಾಚ್ ಕಾರ್ಡ್ ಆದರೆ ಒಳಗೆ ಸಾಮಾನ್ಯವಾಗಿ ಹಲವು ಎಳೆ ಇರುತ್ತವೆ, ಅದು ನಡೆಯುತ್ತದೆ. ಇಯರ್‌ಫೋನ್ ವಾಯರ್ ಬೇಡವೇ ಬೇಡ. ಅದರ ಎಳೆಗಳಿಗೆ ಬಣ್ಣದ ಅರಗು ಬಳಿದಿರುತ್ತಾರೆ, ಅದನ್ನು ಸುಡದೆ ಸೋಲ್ಡರ್ ಹತ್ತುವುದಿಲ್ಲ, ಸುಡಹೋದರೆ ಎಳೆಯೇ ಉಳಿಯುವುದಿಲ್ಲ. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನ ವಾಯರ್ ನೋಡಲು ಚಂದ, ಒಳಗೆ ನಾಲ್ಕೈದು ಎಳೆ, ಅದೂ ಎಷ್ಟೋ ಸಲ ತಾಮ್ರದ ಲೇಪವಷ್ಟೇ. ಕಡಿಮೆ ಬೆಲೆಯ ಚಾರ್ಜರ್ ಕೇಬಲ್ಲಿನಲ್ಲೂ ತಾಮ್ರ ಬಳಿದ ಅಲ್ಯೂಮಿನಿಯಂ ಬರುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಎಸೆಯಿರಿ.

ನಿಜವಾಗಿ ಕೆಲಸಕ್ಕೆ ಬರುವುದು ಹಾಳಾದ ಕಂಪ್ಯೂಟರ್. ಹಳೆಯ ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದ 40 ಎಳೆಯ ಅಗಲದ ರಿಬ್ಬನ್ ಕೇಬಲ್ ಇದೆಯಲ್ಲ, ಅದರ ಒಂದೊಂದು ಪಟ್ಟಿಯೂ 28 ಎಡಬ್ಲ್ಯೂಜಿಯ ವಾಯರ್. ಸುಲಿದು ಬೇರ್ಪಡಿಸಿದರೆ ಮೈಕಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಣ್ಣ ಮಾತ್ರ ಎಲ್ಲವೂ ಬೂದಿ, ಹಾಗಾಗಿ ಪ್ಲಸ್ ಯಾವುದು ಮೈನಸ್ ಯಾವುದು ಎಂದು ಸ್ಕೆಚ್ ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು. ಪವರ್ ಬಟನ್ನಿಗೂ ಮುಂದಿನ ದೀಪಕ್ಕೂ ಹೋಗುವ ಸಣ್ಣ ವಾಯರ್‌ಗಳೂ ನಡೆಯುತ್ತವೆ. ವಿಪರ್ಯಾಸ ನೋಡಿ: ಎಷ್ಟೋ ಶಾಲೆಗಳಲ್ಲಿ ಕೆಟ್ಟ ಮೈಕ್ ಇರುವ ಬೀರುವಿನ ಪಕ್ಕದಲ್ಲೇ, ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ಬದುಕಿರುವ ಸತ್ತ ಕಂಪ್ಯೂಟರ್ ಇರುತ್ತದೆ. ಅದನ್ನು ಬಿಚ್ಚಿ ವಾಯರ್ ತೆಗೆಯುವ ಹಾಗಿಲ್ಲ, ಸರ್ಕಾರಿ ಆಸ್ತಿ.

ಹಾಕುವ ಕೆಲಸದಲ್ಲೂ ಎರಡು ಮಾತು. ಅಲ್ಕಲೈನ್ ಸೋರಿದ್ದರೆ ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಬೇಕು, ಸತು-ಇಂಗಾಲದ್ದಾದರೆ ಅಡಿಗೆ ಸೋಡಾದ ನೀರಿನಿಂದ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ತಾಮ್ರದ ತಂಬಿಗೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಬಿಟ್ಟರೆ ಆ ಹುಳಿಯೇ ಮುಂದಿನ ಕಿಲುಬಿಗೆ ಬೀಜವಾಗುತ್ತದೆ. ಸ್ಪ್ರಿಂಗನ್ನು ಗೂಡಿನಿಂದ ಹೊರಗೆಳೆದು, ಕೆರೆದು, ಆಮೇಲೆ ಬೆಸೆಯಬೇಕು. ಗೂಡಿನಲ್ಲೇ ಇಟ್ಟು ಬೆಸೆದರೆ ಪ್ಲಾಸ್ಟಿಕ್ ಕರಗಿ ಸೆಲ್ ಕೂರುವುದೇ ಇಲ್ಲ. ಹೊಸ ವಾಯರ್ ಹಳೆಯದರಷ್ಟೇ ಉದ್ದ ಇರಲಿ, ಹಳೆಯದು ಹೋದ ದಾರಿಯಲ್ಲೇ ಹೋಗಲಿ. ಮೈಕಿನ ಆ್ಯಂಟೆನಾ ಅದೇ ಕೊಳವೆಯೊಳಗೆ ಇರುತ್ತದೆ, ಸೆಲ್ಲಿನ ವಾಯರ್ ಅದರ ಪಕ್ಕಕ್ಕೆ ಸರಿದರೆ ರೇಂಜ್ ಕಡಿಮೆಯಾಗಬಹುದು. ಗೊತ್ತಿರುವವರ ಕೈಯಲ್ಲಿ ಇದು ಅರ್ಧ ಗಂಟೆಯ ಕೆಲಸ.

ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ ಅನ್ನುವುದು ಇನ್ನೊಂದು ಸಂಕಟ. ಪೇಪರ್ ಮಿಲ್ಲಿನ ಊರಾದ ದಾಂಡೇಲಿಯಲ್ಲಿ, ಸಂತೆಯ ಊರುಗಳಲ್ಲಿ ರೇಡಿಯೊ ರಿಪೇರಿ ಅಂಗಡಿಗಳಿದ್ದ ಕಾಲದಲ್ಲಿ ಗೋಡೆಯ ಮೊಳೆಗೆ ಬಣ್ಣಬಣ್ಣದ ಹುಕ್-ಅಪ್ ವಾಯರಿನ ಸುರುಳಿ ತೂಗಾಡುತ್ತಿದ್ದವು. ರೇಡಿಯೊ ಹೋಗಿ ಟಿವಿ ಬಂತು, ಟಿವಿ ರಿಪೇರಿ ಹೋಗಿ ಮೊಬೈಲ್ ಬಂತು. ಮೊಬೈಲ್ ರಿಪೇರಿಯವರ ಹತ್ತಿರ ಇರುವುದು ಕೂದಲೆಳೆಯಷ್ಟು ಸಣ್ಣ ಜಂಪರ್ ವಾಯರ್, ಇಲೆಕ್ಟ್ರಿಕ್ ಅಂಗಡಿಯಲ್ಲಿ ಇರುವುದು ಒಂದು ಎಂಎಂ. ನಡುವಿನ ಅಳತೆಯ ವಾಯರ್ ಇಡುತ್ತಿದ್ದ ಅಂಗಡಿಯೇ ಪೇಟೆಯಿಂದ ಕಾಣೆಯಾಯಿತು, ಮೈಕ್ ಮಾತ್ರ ಊರಲ್ಲೇ ಉಳಿಯಿತು.

ಈಗ ಗ್ರಾಮಸಭೆಯ ಮಾತಿಗೆ ಬರುತ್ತೇನೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕು ಗುರುತಿಸುವ ಕೆಲಸ ಶುರುವಾಗಬೇಕಾದದ್ದೇ ಗ್ರಾಮಸಭೆಯಿಂದ. ಜೋಯಿಡಾದ ಕುಣಬಿಗಳು, ಹಳಿಯಾಳ ಮತ್ತು ಮುಂಡಗೋಡದ ಸಿದ್ದಿಗಳು, ಗೌಳಿಗಳು ತಮ್ಮ ಗದ್ದೆಯ ಮಾತು, ಕಾಡಿನ ಮಾತು ಹೇಳಬೇಕಾದ ಜಾಗ ಅದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಹಳ್ಳಿಗಳಿಗಂತೂ ಅಲ್ಲಿ ದಾಖಲಾಗುವ ಒಂದೊಂದು ಮಾತಿಗೂ ತೂಕ ಇದೆ.

ವರದಿಗೆಂದು ಹೋದ ಸಭೆಗಳಲ್ಲಿ ನಾನು ಕಂಡದ್ದು ಇಷ್ಟು. ವೇದಿಕೆಯ ಮೇಲೆ ವಾಯರ್ ಇರುವ ಮೈಕ್. ಅದು ಅಧ್ಯಕ್ಷರು, ಪಿಡಿಒ, ನೋಡಲ್ ಅಧಿಕಾರಿ, ಇಲಾಖೆಯವರ ನಡುವೆ ಓಡಾಡುತ್ತದೆ. ಕೆಳಗೆ ಕೂತವರ ಹತ್ತಿರ ಹೋಗುವುದು ಕಾರ್ಡ್‌ಲೆಸ್ ಮೈಕ್ ಒಂದೇ. ಅದು ಇದ್ದ ಸಭೆಯಲ್ಲಿ ಹಿಂದಿನ ಸಾಲಿನ ಹೆಂಗಸೊಬ್ಬಳು ಕೂತಲ್ಲಿಂದಲೇ, ಸೆರಗು ಸರಿಮಾಡಿಕೊಂಡು, ಕೊಂಕಣಿ ಬೆರೆತ ಕನ್ನಡದಲ್ಲಿ ನೀರಿನ ಮಾತು ಎತ್ತುತ್ತಾಳೆ. ಅದು ಇಲ್ಲದ ಸಭೆಯಲ್ಲಿ ಅವಳನ್ನು ‘ಮುಂದೆ ಬಂದು ಮಾತಾಡಮ್ಮ’ ಅನ್ನುತ್ತಾರೆ. ಐವತ್ತು ಗಂಡಸರ ನಡುವೆ ಹಾದು, ವೇದಿಕೆ ಹತ್ತಿ, ಅಧಿಕಾರಿಯ ಪಕ್ಕ ನಿಂತು ಅದೇ ಅಧಿಕಾರಿಯ ಮೇಲೆ ದೂರು ಹೇಳುವವರು ಎಷ್ಟು ಜನ? ಅವಳು ಕೂತಲ್ಲೇ ಏನೋ ಹೇಳುತ್ತಾಳೆ, ಮುಂದಿನ ಸಾಲಿನವನೊಬ್ಬ ಅದನ್ನು ತನಗೆ ತಿಳಿದ ಹಾಗೆ ಮೇಲಕ್ಕೆ ದಾಟಿಸುತ್ತಾನೆ. ಠರಾವಿನಲ್ಲಿ ಬರೆಯುವುದು ಅವನ ಮಾತನ್ನು.

ಶಾಲೆಯಲ್ಲೂ ಅಷ್ಟೇ. ವಾಯರಿನ ಮೈಕಿಗೆ ಸ್ಟ್ಯಾಂಡ್ ಇದೆ, ಸ್ಟ್ಯಾಂಡಿನ ಎತ್ತರ ಹೆಡ್ಮಾಸ್ತರರ ಎತ್ತರ. ಮೂರನೇ ಇಯತ್ತೆಯ ಹುಡುಗಿ ಹಾಡುವಾಗ ಕತ್ತೆತ್ತಿ ಹಾಡಬೇಕು. ನಾಟಕ ಆಡುವ ಮಕ್ಕಳು ಒಬ್ಬೊಬ್ಬರೇ ಮೈಕಿನ ಎದುರು ಬಂದು ಸಂಭಾಷಣೆ ಒಪ್ಪಿಸಿ ಹಿಂದೆ ಸರಿಯುತ್ತಾರೆ, ಅದು ನಾಟಕ ಆಗುವುದಿಲ್ಲ, ಪಡಿತರದ ಸಾಲಾಗುತ್ತದೆ.

ಮೈಕ್ ಸೆಟ್ಟನ್ನೇ ಹೊಟ್ಟೆಪಾಡು ಮಾಡಿಕೊಂಡವರ ಕಷ್ಟ ಬೇರೆ. ಅಹುಜಾ ಆ್ಯಂಪ್ಲಿಫೈಯರ್, ಎರಡು ಹಾರ್ನ್, ಎರಡು ಕಾರ್ಡ್‌ಲೆಸ್ ಇಟ್ಟುಕೊಂಡು ಮದುವೆ, ಜಾತ್ರೆ, ಸಪ್ತಾಹ, ಚುನಾವಣೆ ನಡೆಸುವವರು ಇವರು. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಸಾಲುಗಟ್ಟಿ ಹೊರಟಾಗ ದಾರಿಯುದ್ದಕ್ಕೂ ಪ್ರಸಾದದ ಪೆಂಡಾಲುಗಳಲ್ಲಿ ಇವರದೇ ದನಿ. ಹಂಗಾಮಿನ ನಡುವೆ ಮೈಕ್ ಕೆಟ್ಟರೆ ವಾಯರಿಗಾಗಿ ಒಂದು ದಿನ ಹುಬ್ಬಳ್ಳಿಗೆ ಹೋಗುವುದಕ್ಕಾಗುವುದಿಲ್ಲ. ಅದಕ್ಕೇ ಸೆಲ್ ಗೂಡಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ತುರುಕುತ್ತಾರೆ, ಮೇಲೆ ಇನ್ಸುಲೇಷನ್ ಟೇಪ್ ಸುತ್ತುತ್ತಾರೆ. ಎರಡು ಕಾರ್ಯಕ್ರಮ ನಡೆಯುತ್ತದೆ, ಮೂರನೆಯದರಲ್ಲಿ ಸ್ವಾಮಿಗಳ ಆಶೀರ್ವಚನದ ನಡುವೆ ಕೈಕೊಡುತ್ತದೆ, ಬಾಡಿಗೆಯಲ್ಲಿ ಅರ್ಧ ಮುರಿದುಕೊಳ್ಳುತ್ತಾರೆ.

‘ಇಷ್ಟೆಲ್ಲ ಯಾಕೆ, ಹೊಸದು ತಗೊಳ್ಳಿ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುತ್ತೆ’ ಎನ್ನುವವರಿದ್ದಾರೆ. ಅವರಿಗೆ ಒಂದು ವಿಷಯ ಗೊತ್ತಿದ್ದ ಹಾಗಿಲ್ಲ. ಅಗ್ಗದ ಸೆಟ್‌ಗಳಲ್ಲಿ ಮೈಕ್ ಮತ್ತು ರಿಸೀವರ್ ಒಂದೇ ಫ್ರೀಕ್ವೆನ್ಸಿಗೆ ಕಟ್ಟಿಹಾಕಿದ ಜೋಡಿಯಾಗಿರುತ್ತವೆ. ಒಂದು ಮೈಕ್ ಮಾತ್ರ ಬೇರೆ ತಂದರೆ ಹಳೆಯ ರಿಸೀವರ್ ಅದನ್ನು ಗುರುತಿಸುವುದಿಲ್ಲ. ಅಂದರೆ ಒಂದು ಗೇಣು ವಾಯರಿಗಾಗಿ ಎರಡು ಮೈಕ್, ಒಂದು ರಿಸೀವರ್, ಒಂದು ಅಡಾಪ್ಟರ್ ಎಲ್ಲವನ್ನೂ ಗುಜರಿಗೆ ಹಾಕಬೇಕು. ಹೊಸದಾಗಿ ಬರುವ ಸೆಟ್ಟಿನಲ್ಲೂ ಅದೇ ಸ್ಪ್ರಿಂಗು, ಅದೇ ವಾಯರ್, ನಮ್ಮಲ್ಲಿ ಅದೇ ಮಳೆಗಾಲ.

ಆದರೂ ಪಂಚಾಯತಿ, ಶಾಲೆಗಳು ಹೊಸದನ್ನೇ ಕೊಳ್ಳುತ್ತವೆ. ಕಾರಣ ಬಿಲ್ಲು. ನಾಲ್ಕು ಸಾವಿರದ ಹೊಸ ಸೆಟ್ಟಿಗೆ ಜಿಎಸ್‌ಟಿ ಬಿಲ್ ಇರುತ್ತದೆ, ಆಡಿಟ್‌ನಲ್ಲಿ ಪ್ರಶ್ನೆ ಬರುವುದಿಲ್ಲ. ನೂರೈವತ್ತು ರೂಪಾಯಿಯ ರಿಪೇರಿಗೆ ರಿಪೇರಿಯವನು ನೋಟ್‌ಬುಕ್ ಹಾಳೆ ಹರಿದು ಬರೆದುಕೊಡುತ್ತಾನೆ, ಗುಮಾಸ್ತರು ಅದನ್ನು ಹಿಡಿದುಕೊಂಡು ಬೆವರುತ್ತಾರೆ. ನಮ್ಮ ಕಡೆಯ ಒಂದು ಪಂಚಾಯತಿಯಲ್ಲಿ ‘ರಿಪೇರಿಗೆ ದುಡ್ಡು ನನ್ನ ಕೈಯಿಂದ ಹಾಕಿದರೆ ವಾಪಸ್ ಬರಲ್ಲ, ಹೊಸದು ತರಿಸಿದರೆ ಬರುತ್ತದೆ’ ಎಂದು ಸಿಬ್ಬಂದಿಯೇ ಹೇಳಿದ್ದನ್ನು ಕೇಳಿದ್ದೇನೆ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದ ಸೇವೆಯವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಅವರು ಹೆಸರು, ವಿಳಾಸ, ತಾರೀಖು ಹಾಕಿ ಸಹಿ ಮಾಡಿಕೊಟ್ಟ ಸಾದಾ ರಶೀದಿಯನ್ನು ಒಪ್ಪಿಕೊಳ್ಳಲು ಕಷ್ಟವೇನು? ಸಣ್ಣ ದುರಸ್ತಿಗೆ ಹೀಗೆ ರಶೀದಿ ನಡೆಯುತ್ತದೆ ಎಂದು ತಾಲ್ಲೂಕು ಪಂಚಾಯತಿಯಿಂದ ಒಂದು ಪುಟದ ಸೂಚನೆ ಬಂದರೆ ನನ್ನ ಲೆಕ್ಕದಲ್ಲಿ ಅರ್ಧ ಮೈಕ್‌ಗಳು ಬೀರುವಿನಿಂದ ಎದ್ದು ಬರುತ್ತವೆ.

ದಿಲ್ಲಿಯಲ್ಲಿ ದುರಸ್ತಿಯ ಹಕ್ಕಿನ ಮಾತು ನಡೆಯದೇ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಅದರಲ್ಲಿವೆ. ಕಂಪನಿಗಳು ಬಿಡಿಭಾಗ, ಸರ್ವಿಸ್ ಸೆಂಟರ್, ಗ್ಯಾರಂಟಿಯ ವಿವರ ಅಲ್ಲಿ ಕೊಡಬೇಕೆಂಬುದು ಆಶಯ. ಒಳ್ಳೆಯದೇ. ಆದರೆ ಹೆಸರಿಲ್ಲದ ಚೀನಾ ಮಾಲಿನ ಮೈಕಿಗೆ ಕಂಪನಿಯೂ ಇಲ್ಲ, ಸರ್ವಿಸ್ ಸೆಂಟರೂ ಇಲ್ಲ. ಅದರ ಸೆಲ್ ಗೂಡಿನ ವಾಯರ್ ಯಾವ ಕಂಪನಿಯ ಬಿಡಿಭಾಗವೂ ಅಲ್ಲ. ಪೋರ್ಟಲ್ ಎಷ್ಟೇ ಚೆನ್ನಾಗಿದ್ದರೂ ಹಳಿಯಾಳದ ಅಂಗಡಿಯ ಮೊಳೆಗೆ ಸುರುಳಿ ತೂಗುಹಾಕುವುದು ಅದರಿಂದಾಗುವ ಕೆಲಸವಲ್ಲ.

ಇನ್ನೊಂದು ಬದಲಾವಣೆ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಕ್ಯಾಮೆರಾ ಎದುರು ಕಾಲರಿಗೆ ಸಿಕ್ಕಿಸುವ ಕ್ಲಿಪ್ ಮೈಕ್ ನಮ್ಮಂಥ ವರದಿಗಾರರೆಲ್ಲರ ಜೇಬಿನಲ್ಲೂ ಇದೆ. ಅದರಲ್ಲಿ ಸೆಲ್ ಗೂಡೇ ಇಲ್ಲ, ಒಳಗೇ ಲಿಥಿಯಂ ಬ್ಯಾಟರಿ ಇಟ್ಟು ಅಂಟು ಹಾಕಿ ಮುಚ್ಚಿರುತ್ತಾರೆ. ಕೈಮೈಕ್‌ಗಳೂ ಅದೇ ದಾರಿ ಹಿಡಿದಿವೆ. ಸೋರುವ ತೊಂದರೆ ಕಡಿಮೆ, ನಿಜ. ಆದರೆ ಬ್ಯಾಟರಿ ಸೋತ ದಿನ ಮೈಕೂ ಸತ್ತಂತೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿಯಿಂದ ಇಂಥ ಸಣ್ಣ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ತೆಗೆದು ಹಾಕುವಂತಿರಬೇಕು. ಅಲ್ಲಿ ಹಾಗೆ ಮಾಡಿದ ಮಾಲನ್ನು ಇಲ್ಲಿಗೂ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಅಲ್ಲಿಯ ತನಕ ನನ್ನ ಸಲಹೆ: ಪಂಚಾಯತಿಯವರು, ಶಾಲೆಯವರು ಮೈಕ್ ಕೊಳ್ಳುವಾಗ ಪೆನ್ಸಿಲ್ ಸೆಲ್ ಹಾಕುವಂಥದ್ದನ್ನೇ ಕೊಳ್ಳಲಿ, ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ ಜೊತೆಗಿರಲಿ. 1.2 ವೋಲ್ಟಿನ ಆ ಸೆಲ್ಲಿಗೆ ಕೆಲವು ಮೈಕ್ ಬೇಗ ಕೆಂಪು ದೀಪ ತೋರಿಸುತ್ತವೆ, ಆದರೂ ಕೆಲಸ ನಡೆಯುತ್ತದೆ.

ವಾಯರ್ ಎಲ್ಲಿಡಬೇಕು ಅನ್ನುವುದಕ್ಕೂ ದೂರ ಹುಡುಕಬೇಕಿಲ್ಲ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ, ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುವುದೇ ಅದರ ಕೆಲಸ. ಅದೇ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ. ಇಂಥ ಕಡೆ ಮೊಬೈಲ್ ರಿಪೇರಿ, ಮನೆ ವಾಯರಿಂಗ್ ಕಲಿಯುವವರಿಗೆ ಎರಡು ದಿನ ಮೈಕ್, ಆ್ಯಂಪ್ಲಿಫೈಯರ್ ರಿಪೇರಿಯನ್ನೂ ಕಲಿಸಬಹುದು. ಕಲಿತು ಹೊರಡುವಾಗ ಕೈಗೆ ಪ್ರಮಾಣಪತ್ರದ ಜೊತೆ ಕೆಂಪು, ಕಪ್ಪು ಎರಡು ಬಣ್ಣದ ಹತ್ತತ್ತು ಮೀಟರ್ 7/38 ವಾಯರ್, ಒಂದು ಹಿಡಿ ಸ್ಪ್ರಿಂಗ್ ಕೊಟ್ಟು ಕಳಿಸಬಹುದು. ಮುಂಡಗೋಡ ಹಳಿಯಾಳಕ್ಕೆ ದೂರ, ಅಲ್ಲಿಯ ಸುರುಳಿ ಅಲ್ಲಿಯೇ ಇರಬೇಕು. 1966ರಲ್ಲಿ ಶುರುವಾದ ಟಿಬೆಟನ್ ಕ್ಯಾಂಪಿನ ಮಠಗಳಲ್ಲಿ ಸಾವಿರಾರು ಭಿಕ್ಷುಗಳು ಕೂಡುವ ಸಭಾಂಗಣಗಳಿವೆ, ಈ ಕಡೆ ಮಾರಿಕಾಂಬಾ ಜಾತ್ರೆ ಇದೆ, ಮೈಕಿನ ಕೆಲಸಕ್ಕೆ ಅಲ್ಲಿ ಬರವಿಲ್ಲ.

ಎಷ್ಟು ಖರ್ಚು ಎಂದು ಕೇಳುವವರಿಗೆ ಕೊನೆಯದಾಗಿ ಒಂದು ಲೆಕ್ಕ. ಹುಕ್-ಅಪ್ ವಾಯರಿನ ಒಂದು ಸುರುಳಿ 90 ಮೀಟರ್. ಒಂದು ಮೈಕಿಗೆ ಕೆಂಪು 10 ಸೆಂಟಿಮೀಟರ್, ಕಪ್ಪು 10 ಸೆಂಟಿಮೀಟರ್. ಕೆಂಪಿನದೊಂದು, ಕಪ್ಪಿನದೊಂದು ಸುರುಳಿ ತಂದಿಟ್ಟರೆ 900 ಮೈಕ್ ಎದ್ದು ಕೂರುತ್ತವೆ. ಕತ್ತರಿಸುವಾಗ, ಬೆಸೆಯುವಾಗ ಅರ್ಧಕ್ಕರ್ಧ ಹಾಳಾಯಿತು ಅಂದುಕೊಂಡರೂ 450.